ಗಂಟೆ ಮೀರಿದ ಸಾಲು

ಬಾಗಿಲು ತೆರೆಯುವುದು ಬೆಳಿಗ್ಗೆ ಏಳಕ್ಕೆ. ಅಷ್ಟರಲ್ಲಾಗಲೇ ಪಾರ್ಕ್ ಟಾವರ್ನ್ ಎದುರಿನ ಸಾಲು ಕಟ್ಟಡವನ್ನು ಬಳಸಿ, ಕಾಲುದಾರಿ ಹಿಡಿದು, ಮರಗಳ ಮರೆಗೆ ಹೋಗಿದೆ. ಅಟ್ಲಾಂಟಾ ನಗರದ ಪೀಡ್‌ಮಾಂಟ್ ಪಾರ್ಕಿನ ಅಂಚಿನಲ್ಲಿರುವ ಈ ಹೋಟೆಲಿಗೆ ಜನ ಬರುವುದು ಊಟಕ್ಕೆ, ಬಿಯರಿಗೆ, ಮದುವೆಯ ಪಾರ್ಟಿಗೆ. 2020ರ ಜೂನ್ 9ರ ಮಂಗಳವಾರ ಮಾತ್ರ ಅದು ಮತಗಟ್ಟೆ. ಜಾರ್ಜಿಯಾ ರಾಜ್ಯದಲ್ಲಿ ಅಂದು ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆ. ಕೋವಿಡ್ ಭಯಕ್ಕೆ ಚರ್ಚುಗಳು, ಶಾಲೆಗಳು ಮತಗಟ್ಟೆಗೆ ಜಾಗ ಕೊಡಲು ಹಿಂಜರಿದಿದ್ದವು. ಹೀಗೆ ಮುಚ್ಚಿದ ಮತಗಟ್ಟೆಗಳ ಮತದಾರರನ್ನೆಲ್ಲ ತಂದು ಈ ಒಂದೇ ಹೋಟೆಲಿನ ಲೆಕ್ಕಕ್ಕೆ ಸೇರಿಸಲಾಗಿತ್ತು. ಪಟ್ಟಿಯಲ್ಲಿದ್ದ ಹೆಸರುಗಳು ಸುಮಾರು 16,000.

ಮುಖಕ್ಕೆ ಮಾಸ್ಕು. ಒಬ್ಬರಿಂದೊಬ್ಬರಿಗೆ ಆರಡಿ ಅಂತರ. ಸಾಲು ಅಷ್ಟು ಉದ್ದವಾಗಿದ್ದುದಕ್ಕೆ ಆ ಅಂತರವೂ ಒಂದು ಕಾರಣ; ಒಳಗೆ ಕೆಲಸ ಸಾಗದಿದ್ದುದು ಇನ್ನೊಂದು. ಮತಯಂತ್ರಗಳು ಹೊಸವು. ಹಳೆಯ ಯಂತ್ರಗಳನ್ನು ಇನ್ನು ಬಳಸಕೂಡದೆಂದು ನ್ಯಾಯಾಲಯ ಹೇಳಿದ ಮೇಲೆ ಇಡೀ ರಾಜ್ಯಕ್ಕೆ ಒಮ್ಮೆಗೇ ತಂದವು. ಹೆಸರು ನೋಡಲು ಒಂದು ಟ್ಯಾಬ್ಲೆಟ್, ಆಯ್ಕೆ ಮಾಡಲು ದೊಡ್ಡ ಟಚ್‌ಸ್ಕ್ರೀನ್, ಆಯ್ಕೆಯನ್ನು ಕಾಗದಕ್ಕಿಳಿಸಲು ಪ್ರಿಂಟರ್, ಆ ಕಾಗದ ನುಂಗಲು ಸ್ಕ್ಯಾನರ್. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಹಿಂದಿನದೆಲ್ಲ ನಿಂತಂತೆಯೇ. ಕೆಲವು ಹಳೆಯ ಕಟ್ಟಡಗಳಲ್ಲಿ ಅಷ್ಟು ಯಂತ್ರಗಳ ಭಾರಕ್ಕೆ ವಿದ್ಯುತ್ ಕಡಿತಗೊಂಡಿತು. ಅನುಭವವಿದ್ದ ಮತಗಟ್ಟೆ ಸಿಬ್ಬಂದಿಯಲ್ಲಿ ಹೆಚ್ಚಿನವರು ವಯಸ್ಸಾದವರು. ಸೋಂಕಿಗೆ ಹೆದರಿ ಅನೇಕರು ಹಿಂದೆ ಸರಿದಿದ್ದರು. ಅವರ ಜಾಗಕ್ಕೆ ಬಂದವರಲ್ಲಿ ಎಷ್ಟೋ ಮಂದಿ ಈ ಯಂತ್ರವನ್ನು ಕೈಯಾರೆ ಮುಟ್ಟಿ ನೋಡಿದ್ದೇ ಆ ಬೆಳಿಗ್ಗೆ.

ಊರಿನ ದಕ್ಷಿಣಕ್ಕೆ ಯೂನಿಯನ್ ಸಿಟಿ. ಕಪ್ಪುವರ್ಣೀಯರೇ ಬಹುಸಂಖ್ಯೆಯಲ್ಲಿರುವ ಪಟ್ಟಣ. ಅಲ್ಲಿನ ಕ್ರಿಶ್ಚಿಯನ್ ಸಿಟಿ ವೆಲ್‌ಕಮ್ ಸೆಂಟರ್ ಮತಗಟ್ಟೆಯಲ್ಲಿ ಸಂಜೆ ಏಳಕ್ಕೆ ಮತದಾನ ಮುಗಿಯಬೇಕಿತ್ತು. ಏಳಕ್ಕೆ ಸಾಲಿನಲ್ಲಿ ಯಾರಿದ್ದಾರೋ ಅವರಿಗೆ ಮತ ಹಾಕುವ ಹಕ್ಕಿದೆ. ಕಾನೂನು ಹಾಗೆಯೇ ಹೇಳುತ್ತದೆ. ಆದ್ದರಿಂದ ಜನ ಕದಲಲಿಲ್ಲ. ಕತ್ತಲಾಯಿತು, ಪಾರ್ಕಿಂಗ್ ಜಾಗದ ದೀಪ ಹತ್ತಿತು, ಟಿವಿಯಲ್ಲಿ ಫಲಿತಾಂಶ ಬರತೊಡಗಿತು. ಇವರಿನ್ನೂ ನಿಂತೇ ಇದ್ದರು. ಕೊನೆಯ ಮತ ಬಿದ್ದಾಗ ನಡುರಾತ್ರಿ ದಾಟಿ ತಾರೀಖೇ ಬದಲಾಗಿತ್ತು.

ಆ ರಾತ್ರಿಯ ಸಾಲುಗಳನ್ನು ಜಾರ್ಜಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಮತ್ತು ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆ ಸೇರಿ ಲೆಕ್ಕ ಹಾಕಿದವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತದಾರರು ಬಿಳಿಯರಾಗಿದ್ದ ಮತಗಟ್ಟೆಗಳಲ್ಲಿ ಸಂಜೆ ಏಳರ ನಂತರ ಕಾದ ಸರಾಸರಿ ಸಮಯ 6 ನಿಮಿಷ. ಅದೇ ಪ್ರಮಾಣದಲ್ಲಿ ಬಿಳಿಯರಲ್ಲದವರು ಇದ್ದ ಮತಗಟ್ಟೆಗಳಲ್ಲಿ 51 ನಿಮಿಷ. ಇವೆರಡು ಸಂಖ್ಯೆಗಳ ನಡುವೆ ಇರುವುದು ಒಂದೇ ರಾಜ್ಯ, ಒಂದೇ ದಿನ, ಒಂದೇ ಬಗೆಯ ಯಂತ್ರ. ಸಾಲು ಮಳೆಯ ಹಾಗೆ ತಾನಾಗಿ ಬಂದು ಸುರಿಯುವುದಲ್ಲ ಎಂದು ನಾನು ನಂಬಿರುವುದು ಇಂಥ ಲೆಕ್ಕಗಳನ್ನು ಓದಿದ ಮೇಲೆಯೇ. ಎಷ್ಟು ಮತದಾರರಿಗೆ ಎಷ್ಟು ಕೋಣೆ, ಎಷ್ಟು ಮೇಜು, ಎಷ್ಟು ಜನ ಎಂದು ಯಾರೋ ಒಂದು ಕಚೇರಿಯಲ್ಲಿ ತಿಂಗಳುಗಳ ಹಿಂದೆ ತೀರ್ಮಾನಿಸಿರುತ್ತಾರೆ. ಚುನಾವಣೆಯ ದಿನ ಆ ತೀರ್ಮಾನ ಬೀದಿಯಲ್ಲಿ ಉದ್ದಕ್ಕೆ ನಿಲ್ಲುತ್ತದೆ.

ಒಂದು ಕಾಲಕ್ಕೆ ಇಂಥ ತೀರ್ಮಾನಗಳಿಗೆ ಕಾವಲಿತ್ತು. 1965ರ ಮಾರ್ಚಿನಲ್ಲಿ ಅಲಬಾಮಾದ ಸೆಲ್ಮಾ ಪಟ್ಟಣದ ಸೇತುವೆಯಲ್ಲಿ, ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು; ಅಂದು ತಲೆ ಒಡೆಸಿಕೊಂಡವರಲ್ಲಿ ಒಬ್ಬರು ಜಾನ್ ಲೂಯಿಸ್. ಮುಂದೆ ಅಟ್ಲಾಂಟಾದಿಂದಲೇ ಸಂಸತ್ತಿಗೆ ಹೋಗಿ ದಶಕಗಳ ಕಾಲ ಕೂತವರು. ಆ ವರ್ಷದ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆ ಬಂತು. ಅದರ ಐದನೇ ಸೆಕ್ಷನ್ ಪ್ರಕಾರ ಜಾರ್ಜಿಯಾದಂಥ ರಾಜ್ಯಗಳು ಒಂದು ಮತಗಟ್ಟೆಯನ್ನು ಆಚೆ ಬೀದಿಗೆ ಸರಿಸಬೇಕಿದ್ದರೂ ಒಕ್ಕೂಟ ಸರ್ಕಾರದ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಿತ್ತು. 2013ರ ಜೂನ್ 25ರಂದು ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತದಿಂದ ಆ ಕಾವಲಿನ ಬುಡವನ್ನು ಕಿತ್ತಿತು. ಯಾವ ರಾಜ್ಯಗಳು ಒಪ್ಪಿಗೆ ಪಡೆಯಬೇಕೆಂದು ಗುರುತಿಸುವ ಸೂತ್ರ ಹಳತಾಗಿದೆ ಎಂಬುದು ಅದರ ವಾದ. ಆಮೇಲಿನ ಏಳು ವರ್ಷಗಳಲ್ಲಿ ಜಾರ್ಜಿಯಾದ ಮತದಾರರ ಪಟ್ಟಿ ಹತ್ತಿರ ಹತ್ತಿರ 20 ಲಕ್ಷದಷ್ಟು ಬೆಳೆಯಿತು. ಮತಗಟ್ಟೆಗಳು ನೂರಕ್ಕೆ ಸುಮಾರು ಹತ್ತರಷ್ಟು ಇಳಿದವು.

ಇಳಿಯುವ ಬಗೆ ಹೇಗಿರುತ್ತದೆಂದು ನೋಡಬೇಕಾದರೆ ರಾಜ್ಯದ ನೈಋತ್ಯ ಮೂಲೆಯ ರಾಂಡಾಲ್ಫ್ ಕೌಂಟಿಗೆ ಹೋಗಬೇಕು. ಕೌಂಟಿಯೆಂದರೆ ನಮ್ಮ ಜಿಲ್ಲೆಯ ಹಾಗೆ. ಹತ್ತಿ, ಕಡಲೆಕಾಯಿ ಬೆಳೆಯುವ ಸೀಮೆ. ಕಪ್ಪುವರ್ಣೀಯರೇ ಹೆಚ್ಚು. ಊರಿಂದೂರಿಗೆ ಬಸ್ಸಿಲ್ಲ. 2018ರ ಬೇಸಿಗೆಯಲ್ಲಿ ಅಲ್ಲಿನ ಒಂಬತ್ತು ಮತಗಟ್ಟೆಗಳಲ್ಲಿ ಏಳನ್ನು ಮುಚ್ಚುವ ಪ್ರಸ್ತಾಪ ಬಂತು. ಕಟ್ಟಡಗಳು ಅಂಗವಿಕಲರಿಗೆ ಅನುಕೂಲವಾಗಿಲ್ಲ ಎಂಬುದು ಮುಂದಿಟ್ಟ ಕಾರಣ. ಗಾಲಿಕುರ್ಚಿ ಹತ್ತಲು ಇಳಿಜಾರು ಇಲ್ಲದಿದ್ದರೆ ಇಳಿಜಾರು ಕಟ್ಟಿಸಬೇಕು. ಮತಗಟ್ಟೆಯನ್ನೇ ಎತ್ತಿ ಹಲವು ಮೈಲಿ ಆಚೆಗಿಟ್ಟರೆ ಗಾಲಿಕುರ್ಚಿಯಲ್ಲಿರುವವರಿಗೆ ಆಗುವ ಉಪಕಾರವೇನು? ಜನ ಸಭೆಗಳಿಗೆ ಬಂದು ಇದನ್ನೇ ಕೇಳಿದರು. ದೇಶದಾದ್ಯಂತ ಸುದ್ದಿಯಾಯಿತು. ಆಗಸ್ಟ್ 24ರಂದು ಕತ್‌ಬರ್ಟ್ ಪಟ್ಟಣದಲ್ಲಿ ಸೇರಿದ ಚುನಾವಣಾ ಮಂಡಳಿ ಒಂದು ನಿಮಿಷವೂ ಕಳೆಯುವ ಮುನ್ನ ಪ್ರಸ್ತಾಪವನ್ನು ಕೈಬಿಟ್ಟು ಎದ್ದಿತು. ಒಂಬತ್ತೂ ಉಳಿದವು. ಅಷ್ಟು ಗದ್ದಲ ಆಗದ ಕೌಂಟಿಗಳಲ್ಲಿ ಉಳಿಯಲಿಲ್ಲ.

ಇನ್ನು ಶಾಸನದ ಮಾತಿಗೆ ಬರೋಣ. 2021ರ ಮಾರ್ಚ್ 25, ಗುರುವಾರ ಸಂಜೆ. ಅಟ್ಲಾಂಟಾದ ಶಾಸನಭವನದಲ್ಲಿ ರಾಜ್ಯಪಾಲ ಬ್ರಯನ್ ಕೆಂಪ್ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಸೆನೆಟ್ ಮಸೂದೆ 202ಕ್ಕೆ ಸಹಿ ಹಾಕುತ್ತಿದ್ದಾರೆ. ಅಮೆರಿಕದ ರಾಜ್ಯಪಾಲರೆಂದರೆ ಜನರಿಂದ ಆಯ್ಕೆಯಾದ ಆಡಳಿತಗಾರರು, ನಮ್ಮ ಮುಖ್ಯಮಂತ್ರಿಯ ಹಾಗೆ. ಸುತ್ತ ಆರು ಮಂದಿ ಶಾಸಕರು, ಎಲ್ಲರೂ ಬಿಳಿಯ ಗಂಡಸರು. ಹಿಂದಿನ ಗೋಡೆಯ ಮೇಲೆ ಹಳೆಯ ತೋಟದ ಮನೆಯೊಂದರ ಚಿತ್ರ. ಒಂದು ಕಾಲಕ್ಕೆ ಗುಲಾಮರು ದುಡಿದ ತೋಟವದು. ಹೊರಗೆ ಪಾರ್ಕ್ ಕ್ಯಾನನ್ ಎಂಬ ಕಪ್ಪುವರ್ಣೀಯ ಶಾಸಕಿ ಬಾಗಿಲು ತಟ್ಟುತ್ತಿದ್ದಾರೆ. ಒಳಗೆ ನಡೆಯುವುದನ್ನು ನೋಡಬೇಕು ಎಂಬುದಷ್ಟೇ ಅವರ ಕೋರಿಕೆ. ಪೊಲೀಸರು ಎರಡೂ ಕೈ ಹಿಂದಕ್ಕೆ ಕಟ್ಟಿ ಅವರನ್ನು ಎಳೆದುಕೊಂಡು ಹೋದರು. ಆಮೇಲೆ ಮೊಕದ್ದಮೆ ಮುಂದುವರಿಯಲಿಲ್ಲ. ಆದರೆ ಆ ಸಂಜೆಯ ಎರಡು ಚಿತ್ರಗಳು, ಬಾಗಿಲ ಒಳಗಿನದು ಮತ್ತು ಹೊರಗಿನದು, ಕಾನೂನಿನ ಜೊತೆಗೇ ಊರೆಲ್ಲ ಹರಡಿದವು.

98 ಪುಟಗಳ ಆ ಕಾನೂನಿನ ಬಗ್ಗೆ ಬರೆದವರೆಲ್ಲ ಗುರುತಿನ ಚೀಟಿ, ಅಂಚೆ ಮತ, ಮತಪೆಟ್ಟಿಗೆಗಳ ಬಗ್ಗೆ ಬರೆದರು. ಅದರೊಳಗೆ ಸಾಲಿನ ಬಗ್ಗೆ ಒಂದು ಕಲಂ ಇದೆ. ನನಗೆ ಇಡೀ ಕಾನೂನಿನಲ್ಲಿ ಅದೇ ಮುಖ್ಯವೆನಿಸುತ್ತದೆ. ಒಂದು ಮತಗಟ್ಟೆಯ ವ್ಯಾಪ್ತಿಯಲ್ಲಿ 2,000ಕ್ಕಿಂತ ಹೆಚ್ಚು ಮತದಾರರಿದ್ದು, ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಜನ ಹೆಸರು ಹೇಳಿ ಒಳಹೋಗಲು ಒಂದು ಗಂಟೆಗಿಂತ ಹೆಚ್ಚು ಕಾದಿದ್ದರೆ, ಮುಂದಿನ ಸಾರ್ವತ್ರಿಕ ಚುನಾವಣೆಯೊಳಗೆ ಕೌಂಟಿಯ ಅಧಿಕಾರಿ ಎರಡರಲ್ಲಿ ಒಂದು ಮಾಡಲೇಬೇಕು: ವ್ಯಾಪ್ತಿಯನ್ನು ಒಡೆದು 2,000ಕ್ಕೆ ಇಳಿಸಬೇಕು, ಇಲ್ಲವೇ ಯಂತ್ರವನ್ನೋ ಸಿಬ್ಬಂದಿಯನ್ನೋ ಎರಡನ್ನೂ ಸೇರಿಸಿಯೋ ಹೆಚ್ಚಿಸಬೇಕು. ಕಾದದ್ದು ಎಷ್ಟು ಹೊತ್ತೆಂದು ತಿಳಿಯಲು ಪ್ರತಿ ಮತಗಟ್ಟೆಯ ಮುಖ್ಯಸ್ಥರು ದಿನಕ್ಕೆ ಕನಿಷ್ಠ ಮೂರು ಬಾರಿ ಅಳೆದು ಬರೆಯಬೇಕು. ಬೆಳಿಗ್ಗೆ ಒಮ್ಮೆ, ನಡುಹಗಲು ಒಮ್ಮೆ, ಬಾಗಿಲು ಮುಚ್ಚುವ ಮುನ್ನ ಒಮ್ಮೆ.

ಅಳೆಯುವುದೆಂದರೆ ಹೇಗೆ? ಅಮೆರಿಕದಲ್ಲಿ ರೂಢಿಯಲ್ಲಿರುವ ಸರಳ ವಿಧಾನವೊಂದಿದೆ. ಸಿಬ್ಬಂದಿಯೊಬ್ಬರು ಸಾಲಿನ ಕೊನೆಗೆ ನಡೆದು ಹೋಗಿ, ಆಗಷ್ಟೇ ಬಂದು ನಿಂತವರ ಕೈಗೆ ಗಂಟೆ, ನಿಮಿಷ ಬರೆದ ಚೀಟಿಯೊಂದನ್ನು ಕೊಡುತ್ತಾರೆ. ಆ ಚೀಟಿ ಮತದಾರರ ಕೈಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುತ್ತದೆ. ಹೆಸರು ನೋಡುವ ಮೇಜಿಗೆ ತಲುಪಿದಾಗ ಅಲ್ಲಿದ್ದವರು ಚೀಟಿ ಇಸಿದುಕೊಂಡು ಆ ಕ್ಷಣದ ಸಮಯ ಬರೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ಕಾದ ಹೊತ್ತು. ಅಲ್ಲಿಂದ ಮುಂದೆ ಮತದಾರರು ಡ್ರೈವಿಂಗ್ ಲೈಸೆನ್ಸ್ ತೋರಿಸಿ, ಟ್ಯಾಬ್ಲೆಟ್ ಮೇಲೆ ಸಹಿ ಗೀಚಿ, ಪ್ಲಾಸ್ಟಿಕ್ ಕಾರ್ಡೊಂದನ್ನು ಪಡೆಯುತ್ತಾರೆ. ಅದನ್ನು ಯಂತ್ರಕ್ಕೆ ತೂರಿಸಿದರೆ ಪರದೆಯ ಮೇಲೆ ಮತಪತ್ರ ಮೂಡುತ್ತದೆ. ಅದೂ ಗಿಡ್ಡ ಪತ್ರವಲ್ಲ. ದೇಶದ ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿಯ ಸದಸ್ಯರ ತನಕ, ಜೊತೆಗೆ ಸಂವಿಧಾನ ತಿದ್ದುಪಡಿಯ ಪ್ರಶ್ನೆಗಳು. ಓದಿ ಒತ್ತಿ, ಅಚ್ಚಾದ ಹಾಳೆಯನ್ನು ಇನ್ನೊಮ್ಮೆ ನೋಡಿ, ಸ್ಕ್ಯಾನರಿಗೆ ಕೊಟ್ಟರೆ, ಬಾಗಿಲ ಬಳಿ ಪೀಚ್ ಹಣ್ಣಿನ ಚಿತ್ರವಿರುವ ಸ್ಟಿಕ್ಕರ್. ಜಾರ್ಜಿಯಾ ಪೀಚ್ ಹಣ್ಣಿನ ರಾಜ್ಯವಲ್ಲವೇ! ಆ ಸ್ಟಿಕ್ಕರನ್ನು ಎದೆಗಂಟಿಸಿಕೊಂಡು ಜನ ಇಡೀ ದಿನ ಓಡಾಡುತ್ತಾರೆ.

2,000 ಎಂಬ ಸಂಖ್ಯೆಯ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಅವರಲ್ಲಿ ಅರ್ಧದಷ್ಟು ಜನ ಚುನಾವಣೆಯ ದಿನವೇ ಬಂದರೆಂದುಕೊಳ್ಳೋಣ. ಸಾವಿರ ಮಂದಿ, ಹನ್ನೆರಡು ಗಂಟೆ, ಅಂದರೆ 720 ನಿಮಿಷ. ಒಬ್ಬರ ಹೆಸರು ನೋಡಲು ಎರಡು ನಿಮಿಷ ಬೇಕು, ಮೇಜಿನಲ್ಲಿ ಎರಡು ಟ್ಯಾಬ್ಲೆಟ್ ಇವೆ ಎಂದರೆ ನಿಮಿಷಕ್ಕೆ ಒಬ್ಬರು ಒಳಗೆ ಹೋಗುತ್ತಾರೆ. ಒಂದು ಕ್ಷಣವೂ ಬಿಡುವಿಲ್ಲದೆ ದುಡಿದರೂ ಸಂಜೆ ಏಳಕ್ಕೆ 280 ಜನ ಹೊರಗೇ ಉಳಿಯುತ್ತಾರೆ. ಕೊನೆಯವರು ಒಳಗೆ ಹೋಗುವ ಹೊತ್ತಿಗೆ ರಾತ್ರಿ 11.40. ಮೂರನೆಯ ಟ್ಯಾಬ್ಲೆಟ್ ಒಂದಿದ್ದರೆ ಸಾವಿರವೂ ಏಳರೊಳಗೆ ಮುಗಿದು ಮೇಜು ಸ್ವಲ್ಪ ಉಸಿರಾಡಿಕೊಳ್ಳುತ್ತದೆ. ಜನ ಸಮನಾಗಿ ಬರುವುದಿಲ್ಲ ಎಂಬುದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಕೆಲಸಕ್ಕೆ ಹೋಗುವ ಮುನ್ನ ಏಳರಿಂದ ಒಂಬತ್ತು, ಬಿಟ್ಟ ಮೇಲೆ ಐದರಿಂದ ಏಳು, ಆಗಲೇ ನೂಕುನುಗ್ಗಲು. ಬರಿಯ ಮತಯಂತ್ರ ಹೆಚ್ಚಿಸಿದರೂ ಸಾಲದು. ಹೆಸರು ನೋಡುವವರಿಲ್ಲದೆ ಯಂತ್ರಗಳು ಸಾಲಾಗಿ ನಿಂತಿದ್ದರೆ ಅದು ಎಲೆ ಹಾಕಿಟ್ಟು ಬಡಿಸುವವರಿಲ್ಲದ ಪಂಕ್ತಿ. ನವೆಂಬರಿನ ಸಾರ್ವತ್ರಿಕ ಚುನಾವಣೆಗೆ 250 ಮತದಾರರಿಗೊಂದು ಮತಯಂತ್ರ ಎಂಬ ನಿಯಮ ಜಾರ್ಜಿಯಾದಲ್ಲಿ ಇತ್ತು. ಚುನಾವಣೆಯ ದಿನಕ್ಕೆ ಮುಂಚೆಯೇ ಬಂದು ಮತ ಹಾಕುವ ಮುಂಗಡ ಮತದಾನ ಹೆಚ್ಚಿತೆಂದು 2024ರಲ್ಲಿ ಅದನ್ನು ಸಡಿಲಿಸಿದರು.

ಕಾಯುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದಲ್ಲಿ ಚುನಾವಣೆಯ ಮಂಗಳವಾರ ರಾಷ್ಟ್ರೀಯ ರಜೆಯಲ್ಲ. ಜಾರ್ಜಿಯಾ ಕಾನೂನು ಮತ ಹಾಕಲು ಎರಡು ಗಂಟೆ ಬಿಡುವು ಕೊಡಿಸುತ್ತದೆ, ಆ ಎರಡು ಗಂಟೆಯ ಸಂಬಳ ಕೊಡಲೇಬೇಕೆಂದು ಹೇಳುವುದಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು, ಆಸ್ಪತ್ರೆಯಲ್ಲಿ ನೆಲ ಒರೆಸುವವರು ಐದು ಗಂಟೆ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿಯೇ ಹೋಯಿತು. 75 ತುಂಬಿದವರು ಮತ್ತು ಅಂಗವಿಕಲರು ಕೇಳಿಕೊಂಡರೆ ಸಾಲಿನ ಮುಂದಕ್ಕೆ ಹೋಗಬಹುದು. ಒಳ್ಳೆಯ ನಿಯಮ. ಆದರೆ ಅದು ಬೆಳಿಗ್ಗೆ 9.30ರಿಂದ ಸಂಜೆ 4.30ರವರೆಗೆ ಮಾತ್ರ. ಕೆಲಸಕ್ಕೆ ಹೊರಟ ಮಗಳ ಕಾರಿನಲ್ಲಿ ಏಳೂವರೆಗೆ ಬಂದಿಳಿಯುವ ಅಜ್ಜಿಗೆ ಅದರಿಂದ ಏನೂ ದಕ್ಕದು. 2012ರಲ್ಲಿ ಫ್ಲಾರಿಡಾದಲ್ಲಿ 102 ವರ್ಷದ ಅಜ್ಜಿಯೊಬ್ಬರು ಗಂಟೆಗಟ್ಟಲೆ ಕಾದು ಮತ ಹಾಕಿದ್ದನ್ನು ಮರುವರ್ಷ ಅಧ್ಯಕ್ಷ ಒಬಾಮ ಸಂಸತ್ತಿನ ಮುಂದೆಯೇ ಹೇಳಿದ್ದರು. ಅವರು ನೇಮಿಸಿದ, ಎರಡೂ ಪಕ್ಷದ ವಕೀಲರು ನಡೆಸಿದ ಆಯೋಗ 2014ರ ಜನವರಿಯಲ್ಲಿ ಕೊಟ್ಟ ವರದಿ, ಮತ ಹಾಕಲು ಯಾರೂ ಅರ್ಧ ಗಂಟೆಗಿಂತ ಹೆಚ್ಚು ಕಾಯುವಂತಾಗಬಾರದು ಎಂದಿತು. ಜಾರ್ಜಿಯಾ ಏಳು ವರ್ಷದ ಮೇಲೆ ಬರೆದ ಮಿತಿ ಅದರ ಎರಡರಷ್ಟು.

ಸಾಲನ್ನು ಅಳೆಯಿರಿ ಎಂದ ಅದೇ ಕಾನೂನು ಸಾಲಿನಲ್ಲಿರುವವರಿಗೆ ನೀರು ಕೊಡಬೇಡಿ ಎಂದೂ ಹೇಳಿತು. ಮತಗಟ್ಟೆಯ ಕಟ್ಟಡದಿಂದ 150 ಅಡಿಯೊಳಗೆ, ಇಲ್ಲವೇ ಸಾಲಿನಲ್ಲಿ ನಿಂತ ಯಾವ ಮತದಾರರಿಂದಲೇ ಆಗಲಿ 25 ಅಡಿಯೊಳಗೆ, ಊಟ, ನೀರು, ಉಡುಗೊರೆ ಕೊಟ್ಟರೆ ಅಪರಾಧ. ಜಾರ್ಜಿಯಾದ ಚರ್ಚುಗಳ ಹೆಂಗಸರು ಸಾಲುಗಳ ಬಳಿಗೆ ನೀರಿನ ಬಾಟಲಿ, ಬಿಸ್ಕತ್ತು, ಮಡಿಸುವ ಕುರ್ಚಿ, ಕೊಡೆ ಹಿಡಿದು ಬರುವುದು ಅಲ್ಲಿಯ ರೂಢಿ. ‘ಲೈನ್ ವಾರ್ಮಿಂಗ್’ ಎಂದೇ ಅದಕ್ಕೆ ಹೆಸರು. ಯಾರಿಗೆ ಮತ ಎಂದು ಕೇಳದೆ ಕೊಡುತ್ತಾರೆ. ಉಪಚಾರದ ನೆಪದಲ್ಲಿ ಪ್ರಚಾರ ನಡೆಯುತ್ತದೆ ಎಂಬುದು ಸರ್ಕಾರದ ವಾದ. ಮತದಾರರು ತಾವೇ ಹಿಡಿದು ಕುಡಿಯಲು ನೀರಿನ ಪಾತ್ರೆಯೊಂದನ್ನು ಸಿಬ್ಬಂದಿ ಇಡಬಹುದು ಎಂಬ ವಿನಾಯಿತಿಯನ್ನೂ ಕಾನೂನು ಕೊಟ್ಟಿದೆ. ಆದರೆ ಪಾತ್ರೆ ಇರುವುದು ಒಂದು ಕಡೆ, ಸಾಲಿನ ಬಾಲ ಇರುವುದು ಇನ್ನೊಂದು ಕಡೆ. ಜಾಗ ಬಿಟ್ಟು ಹೋದರೆ ಸರದಿ ಹೋದೀತು. 2023ರ ಆಗಸ್ಟಿನಲ್ಲಿ ಅಟ್ಲಾಂಟಾದ ಒಕ್ಕೂಟ ನ್ಯಾಯಾಧೀಶ ಜೆ. ಪಿ. ಬುಲೀ, 150 ಅಡಿಯ ಗೆರೆಯ ಹೊರಗೆ ನೀರು ಕೊಟ್ಟವರನ್ನು ಶಿಕ್ಷಿಸುವುದಕ್ಕೆ ತಾತ್ಕಾಲಿಕ ತಡೆ ಹಾಕಿದರು. ಗೆರೆಯೊಳಗಿನ ನಿಷೇಧಕ್ಕೆ ತಡೆ ಬರಲಿಲ್ಲ. 150 ಅಡಿ ಮೀರಿ ಚಾಚಿದ ಸಾಲಿಗೆ ಮಾತ್ರ ನೀರು ಸಿಕ್ಕೀತು. ಬೆಳಗಿನಿಂದ ನಿಂತು, ಬಾಗಿಲ ಹತ್ತಿರ ಬಂದು ಸುಸ್ತಾದವರಿಗೆ ಸಿಗದು.

ಸಾಲು ಕರಗಿಸುವುದು ಅಸಾಧ್ಯವೇನಲ್ಲ. 2020ರ ಜೂನ್ 9ರ ಅವಮಾನದ ನಂತರ, ಪಾರ್ಕ್ ಟಾವರ್ನ್ ಮತ್ತು ಯೂನಿಯನ್ ಸಿಟಿ ಸೇರಿದ ಅದೇ ಫುಲ್ಟನ್ ಕೌಂಟಿ, ಅಟ್ಲಾಂಟಾ ಹಾಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಸ್ಟೇಟ್ ಫಾರ್ಮ್ ಅರೀನಾವನ್ನು ಮುಂಗಡ ಮತದಾನದ ಕೇಂದ್ರ ಮಾಡಿತು. ಸಾವಿರಾರು ಜನ ಕೂತು ಆಟ ನೋಡುವ ಒಳಾಂಗಣ. ಆರಡಿ ಅಂತರ ಬಿಟ್ಟರೂ ಮಿಕ್ಕುವಷ್ಟು ಜಾಗ, ನೂರಾರು ಯಂತ್ರ, ಪುಕ್ಕಟೆ ಪಾರ್ಕಿಂಗ್. ಅಕ್ಟೋಬರಿನಲ್ಲಿ ಮುಂಗಡ ಮತದಾನದ ಮೊದಲ ದಿನ ಕಂಪ್ಯೂಟರ್ ತೊಂದರೆ ಕೊಟ್ಟರೂ ಆಮೇಲೆ ಜನ ನೀರು ಹರಿದಂತೆ ಹರಿದರು. ಅದೇ ದಿನಗಳಲ್ಲಿ ನೆರೆಯ ಕಾಬ್, ಗ್ವಿನೆಟ್ ಕೌಂಟಿಗಳ ಚಿಕ್ಕ ಕೇಂದ್ರಗಳಲ್ಲಿ ಕೆಲವರು ಎಂಟು ಗಂಟೆ ನಿಂತರು.

ಇಲ್ಲಿಯೇ ಕಾನೂನಿನ ದೊಡ್ಡ ತೂತು. ಅದು ಅಳೆಯುವುದು ಚುನಾವಣೆಯ ದಿನದ ಸಾಲನ್ನು. ಜನ ಮಾತ್ರ ಆ ದಿನವನ್ನು ಬಿಟ್ಟು ಮುಂಗಡ ಮತದಾನಕ್ಕೆ ಸರಿಯುತ್ತಿದ್ದಾರೆ. 2024ರ ನವೆಂಬರ್ ಚುನಾವಣೆಯಲ್ಲಿ ಜಾರ್ಜಿಯಾದಲ್ಲಿ ಒಟ್ಟು 52 ಲಕ್ಷಕ್ಕೂ ಹೆಚ್ಚು ಮತ ಬಿದ್ದಿದ್ದರೆ, ಅವುಗಳಲ್ಲಿ 40 ಲಕ್ಷದಷ್ಟು ಮುಂಚೆಯೇ ಬಿದ್ದಿದ್ದವು. ಚುನಾವಣೆಯ ದಿನ ಬಹಳಷ್ಟು ಕಡೆ ಸಾಲೇ ಇರಲಿಲ್ಲ. ಅಧಿಕಾರಿಗಳು ಇದನ್ನು ಹೆಮ್ಮೆಯಿಂದ ಹೇಳಿಕೊಂಡರು, ಹೇಳಿಕೊಳ್ಳುವಂಥದೇ. ಆದರೆ 2022ರ ಡಿಸೆಂಬರಿನ ಮರುಚುನಾವಣೆಯನ್ನು, ಅಂದರೆ ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದಾಗ ನಡೆಯುವ ಎರಡನೇ ಸುತ್ತನ್ನು, ನೆನೆಯಬೇಕು. ಒಂಬತ್ತು ವಾರ ಇದ್ದ ಮರುಚುನಾವಣೆಯ ಅವಧಿಯನ್ನು ಇದೇ ಕಾನೂನು ನಾಲ್ಕು ವಾರಕ್ಕೆ ಇಳಿಸಿತ್ತು. ಮುಂಗಡ ಮತದಾನಕ್ಕೆ ಸಿಕ್ಕಿದ್ದು ಒಂದು ವಾರದಷ್ಟೇ ಹೊತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಗ್ಗುಲಿನ ಶನಿವಾರ ಬಾಗಿಲು ತೆರೆಯಬಹುದೇ ಎಂಬುದಕ್ಕೇ ನ್ಯಾಯಾಲಯ ಹತ್ತಬೇಕಾಯಿತು. ಅಟ್ಲಾಂಟಾ ಸುತ್ತಿನ ಕೇಂದ್ರಗಳ ಮುಂದೆ ಮತ್ತೆ ಗಂಟೆಗಟ್ಟಲೆ ಸಾಲು. ಒಂದು ಗಂಟೆ ಮೀರಿದರೆ ಒಡೆಯಬೇಕು, ಸೇರಿಸಬೇಕು ಎಂಬ ಕಲಂ ಆ ಸಾಲುಗಳ ಹತ್ತಿರವೂ ಸುಳಿಯಲಿಲ್ಲ.

ಅಟ್ಲಾಂಟಾದ ಉತ್ತರಕ್ಕೆ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್ ಕಡೆ ಕನ್ನಡದ ಮನೆಗಳು ಸಾಕಷ್ಟಿವೆ. ಪೌರತ್ವ ಪಡೆದವರು ಈ ಸಾಲುಗಳಲ್ಲೇ ನಿಲ್ಲುತ್ತಾರೆ. ಅವರು ಬಿಟ್ಟುಬಂದ ದೇಶದಲ್ಲಿ ಒಂದು ಮತಗಟ್ಟೆಗೆ 1,500 ಮತದಾರರೆಂಬ ಮಿತಿಯನ್ನು ಚುನಾವಣಾ ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದೆ. ಯಾರೂ ಕಾದು ಗಂಟೆ ಮೀರಬೇಕು ಎಂಬ ಷರತ್ತು ಅದಕ್ಕಿಲ್ಲ. ಮತದಾನದ ದಿನ ಸಂಬಳಸಹಿತ ರಜೆ. ಸಮಯ ಮುಗಿದಾಗ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಸಹಿ ಮಾಡಿದ ಚೀಟಿಗಳನ್ನು ಸಾಲಿನ ಕೊನೆಯವರಿಂದ ಶುರುಮಾಡಿ ಹಂಚುತ್ತಾರೆ, ಆಮೇಲೆ ಬಂದವರು ನುಸುಳದಂತೆ, ಮೊದಲೇ ಬಂದವರು ತಪ್ಪಿಹೋಗದಂತೆ. ನಮ್ಮಲ್ಲಿ ಬಿಸಿಲಿದೆ, ನೆರಳಿಲ್ಲದ ಶಾಲೆಯ ಅಂಗಳಗಳಿವೆ, ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳ ಗೋಳಿದೆ, ಅವನ್ನು ಮರೆಮಾಚಬೇಕಿಲ್ಲ. ಆದರೂ ಮತಗಟ್ಟೆಯನ್ನು ಜನರ ಹತ್ತಿರಕ್ಕೆ ಒಯ್ಯುವುದು ಸರ್ಕಾರದ ಹೊಣೆ ಎಂಬ ತಿಳಿವಳಿಕೆ ನಮ್ಮ ನಿಯಮಗಳಲ್ಲಿ ಮೊದಲಿನಿಂದ ಇದೆ. ಜಾರ್ಜಿಯಾದ ನಿಯಮದಲ್ಲಿ ಮೊದಲು ಜನ ಕಾದು ತೋರಿಸಬೇಕು. ಪರಿಹಾರ ಬರುವುದು ಮುಂದಿನ ಚುನಾವಣೆಗೆ, ಎರಡು ವರ್ಷದ ಮೇಲೆ.

ಅಳತೆಯನ್ನೇ ಸರಿಪಡಿಸುವುದು ಕಷ್ಟದ ಕೆಲಸವಲ್ಲ. ದಿನಕ್ಕೆ ಮೂರು ಬಾರಿಯ ಬದಲು ಗಂಟೆಗೊಮ್ಮೆ ಅಳೆಯಲಿ. ಏಳಕ್ಕೆ ಬಾಗಿಲು ಮುಚ್ಚಿದ ಮೇಲೂ ಕೊನೆಯವರು ಒಳಗೆ ಹೋಗುವವರೆಗೆ ಚೀಟಿ ಓಡಾಡಲಿ. ಮಿತಿ ಅರ್ಧ ಗಂಟೆಯಾಗಲಿ. ಮುಂಗಡ ಮತದಾನ ನಡೆಯುವ ಗ್ರಂಥಾಲಯ, ಸಮುದಾಯ ಭವನಗಳ ಮುಂದಿನ ಸಾಲಿಗೂ ಅದೇ ಚೀಟಿ, ಅದೇ ಗಡಿಯಾರ ಬರಲಿ. ಬರೆದಿಟ್ಟ ಸಮಯವನ್ನು ಮತಗಟ್ಟೆವಾರು ಆ ವಾರವೇ ಪ್ರಕಟಿಸಿ, ಕೌಂಟಿಯ ಬಜೆಟ್ ಸಭೆ ಕೂರುವ ದಿನ ಮೇಜಿನ ಮೇಲಿಡಲಿ. ಮೂರನೆಯ ಟ್ಯಾಬ್ಲೆಟಿಗೆ ಹಣವಿಲ್ಲ ಎನ್ನುವವರು ಯೂನಿಯನ್ ಸಿಟಿಯವರ ಎದುರು ಕೂತು ಆ ಮಾತು ಹೇಳಲಿ.